ಚೆಂಡು ನೋಡಬೇಡ, ಸಾಲು ನೋಡು: ಆ್ಯನ್ ಆರ್ಬರ್‌ನಲ್ಲಿ ಆರು ದಿನ

ಮಂಗಳವಾರ, ನವೆಂಬರ್ 21, 2023

ಡೆಟ್ರಾಯ್ಟ್ ಏರ್‌ಪೋರ್ಟಿನಿಂದ ಹೊರಗೆ ಬಂದವನನ್ನು ನೋಡಿ ಮಗಳು ಅಂದ ಮೊದಲ ಮಾತು: "ಅಪ್ಪ, ಆ ಸ್ವೆಟರ್ ಬಿಚ್ಚು."

ಹೇಗಿದ್ದೀಯ ಇಲ್ಲ, ಊಟ ಆಯ್ತಾ ಇಲ್ಲ. ಬೆಂಗಳೂರಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಇಲ್ಲಿಗೆ, ಹೆಚ್ಚುಕಮ್ಮಿ ಒಂದು ದಿನ ಕಾಲು ಮಡಚಿ ಕೂತು ಬಂದಿದ್ದೇನೆ. ಹೊರಗೆ ನೋಡಿದರೆ ಮೂಗು ಉದುರುವಷ್ಟು ಚಳಿ. ಸ್ವೆಟರ್ ಅವಳ ಅಮ್ಮನೇ ಹೆಣೆದಿದ್ದು, ಮೈಸೂರಿನ ಡಿಸೆಂಬರಿಗೂ ಜಾಸ್ತಿ ಆಗುವಂಥದ್ದು, ಒಳ್ಳೇ ಕೆಂಪು ಉಣ್ಣೆ. ಆ ಕೆಂಪೇ ತಪ್ಪಾಗಿತ್ತು. ಕೆಂಪು ಪಕ್ಕದ ರಾಜ್ಯದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯವರ ಬಣ್ಣ. ಶನಿವಾರ ಅವರಿಗೂ ಮಗಳು ಓದುವ ಮಿಷಿಗನ್ ಯೂನಿವರ್ಸಿಟಿಗೂ ಅಮೆರಿಕನ್ ಫುಟ್‌ಬಾಲ್ ಪಂದ್ಯ, ಎರಡೂ ತಂಡ 11 ಆಡಿ 11 ಗೆದ್ದಿವೆ, ಈ ವಾರ ಆ್ಯನ್ ಆರ್ಬರ್‌ನಲ್ಲಿ ಕೆಂಪು ಹಾಕಿಕೊಂಡು ಯಾರೂ ಓಡಾಡುವುದಿಲ್ಲವಂತೆ. "ಬೇಕಾದ್ರೆ ಹಾಕ್ಕೋ, ನನ್ನ ಜೊತೆ ಬರಬೇಡ" ಅಂದಳು. ಅವಳ ರೂಮ್‌ಮೇಟ್‌ದೊಂದು ನೀಲಿ ಜಾಕೆಟ್ ತಂದಿದ್ದಳು. ತೋಳು ಮೊಣಕೈ ದಾಟಿ ಒಂದು ಗೇಣಿಗೇ ನಿಂತಿತು.

ಏರ್‌ಪೋರ್ಟಿಂದ ಊರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂಡ ಇಲ್ಲ. ಮಗಳು ಇಲ್ಲಿ ಎಂಎಸ್ ಎರಡನೇ ವರ್ಷ. ಊರಿನ ಜನಸಂಖ್ಯೆ ಸುಮಾರು 1.2 ಲಕ್ಷ, ಸ್ಟೇಡಿಯಂನಲ್ಲಿ ಇರುವ ಜಾಗ 1,07,601 ಜನಕ್ಕೆ. ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಕಾಲೇಜು ಹುಡುಗರ ಆಟ ನೋಡೋದಕ್ಕಾ? ಹೌದು, ಕಾಲೇಜು ಹುಡುಗರ ಆಟ ನೋಡೋದಕ್ಕೇ.

ಬುಧವಾರ

ಬೆಳಗಿನ ಜಾವ ಮೂರಕ್ಕೆ ಎಚ್ಚರ. ಇನ್ನು ನಿದ್ದೆ ಬರುವುದಿಲ್ಲ ಅಂತ ಗೊತ್ತಾಗಿ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದರೆ ಮಗಳೂ ಎದ್ದು ಬಂದಳು. ಊರಿಂದ ತಂದ ಕಡಲೆಬೀಜದ ಪ್ಯಾಕೆಟ್, ಗೋಡಂಬಿ ಪ್ಯಾಕೆಟ್ ಎರಡನ್ನೂ ಬಿಚ್ಚಿ ಮೇಜಿನ ಮೇಲೆ 11 ಕಡಲೆಬೀಜ, ಎದುರಿಗೆ 11 ಗೋಡಂಬಿ ಜೋಡಿಸಿ ಪಾಠ ಶುರು ಮಾಡಿದಳು.

ಮೈದಾನ 100 ಗಜ. ಚೆಂಡು ಯಾರ ಕೈಲಿದೆಯೋ ಅವರಿಗೆ ನಾಲ್ಕು ಅವಕಾಶ, ಅಷ್ಟರಲ್ಲಿ ಚೆಂಡು ಎಸೆದೋ ಹೊತ್ತು ಓಡಿಯೋ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಆಗದಿದ್ದರೆ ಚೆಂಡು ಎದುರಾಳಿಗೆ. ಗೆರೆ ದಾಟಿಸಿದರೆ ಆರು ಪಾಯಿಂಟ್, ಮೇಲೊಂದು ಒದೆತಕ್ಕೆ ಒಂದು. ದೂರದಿಂದ ಕಂಬದ ಮಧ್ಯೆ ಒದ್ದರೆ ಮೂರು. ನನಗೆ ಕಬಡ್ಡಿ ನೆನಪಾಯಿತು. ಐದಾರು ಸೆಕೆಂಡಿನ ಗುದ್ದಾಟ, ಆಮೇಲೆ ಎಲ್ಲ ಎದ್ದು ಮೈ ಕೊಡವಿಕೊಂಡು ಮತ್ತೆ ಗೆರೆಗೆ ಬಂದು ನಿಲ್ಲೋದು.

ಮುಂದಿನ ಸಾಲಿನಲ್ಲಿ ಐದು ಕಡಲೆಬೀಜ ಇಟ್ಟಿದ್ದಳು. "ಇವರು ಯಾರು?" ಅಂದೆ. "ಇವರು ಲೈನ್. ನಡುವಿನವನು ಚೆಂಡನ್ನ ಕಾಲಸಂದಿಯಿಂದ ಹಿಂದಕ್ಕೆ ಕೊಡ್ತಾನೆ. ಉಳಿದ ನಾಲ್ಕು ಜನ ಪಂದ್ಯ ಪೂರ್ತಿ ಚೆಂಡೇ ಮುಟ್ಟದೆ ಮನೆಗೆ ಹೋಗಬಹುದು. ಎದುರಿಗೆ ಬರೋರನ್ನ ತಡೆಯೋದು, ತಳ್ಳೋದು, ಅಷ್ಟೇ ಕೆಲಸ." ಪಾಠ ಮುಗಿಯುವ ಹೊತ್ತಿಗೆ ಆ ಐದನ್ನೂ ನಾನು ತಿಂದು ಮುಗಿಸಿದ್ದೆ. ಅವಳು ಗಮನಿಸಲೇ ಇಲ್ಲ.

ಆಮೇಲೆ ಈ ಸೀಸನ್ನಿನ ಕಥೆ. ಇದು ಆಟಕ್ಕಿಂತ ರುಚಿಯಾಗಿತ್ತು, ಹೇಳಿಬಿಡುತ್ತೇನೆ. ಕೋಚ್ ಜಿಮ್ ಹಾರ್ಬಾ 1980ರ ದಶಕದಲ್ಲಿ ಇದೇ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ಆಗಿದ್ದವರು. ಸೆಪ್ಟೆಂಬರಿನ ಮೊದಲ ಮೂರು ಪಂದ್ಯಕ್ಕೆ ಅವರು ಇರಲಿಲ್ಲ, ಆಟಗಾರರನ್ನು ಸೇರಿಸಿಕೊಳ್ಳುವ ನಿಯಮದ ಒಂದು ತಕರಾರಿನಲ್ಲಿ ಯೂನಿವರ್ಸಿಟಿಯೇ ಹೊರಗಿಟ್ಟಿತ್ತು. ವಾಪಸ್ ಬಂದರು, ತಂಡ ಗೆಲ್ಲುತ್ತಾ ಹೋಯಿತು, ಇದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ ಮಿಷಿಗನ್ ಸ್ಟೇಟ್ ವಿರುದ್ಧ 49-0. ಅಷ್ಟರಲ್ಲಿ ಎರಡನೇ ರಗಳೆ. ತಂಡದ ಒಬ್ಬ ಸಿಬ್ಬಂದಿ ಎದುರಾಳಿ ಕೋಚ್‌ಗಳು ತಮ್ಮ ಆಟಗಾರರಿಗೆ ಮಾಡುವ ಸನ್ನೆ ಕದಿಯುವುದಕ್ಕೆ ಅವರ ಪಂದ್ಯಗಳಿಗೆ ಮುಂಚೆಯೇ ಜನ ಕಳಿಸುತ್ತಿದ್ದ ಅನ್ನೋದು ಆರೋಪ. ಮೈದಾನದಲ್ಲಿ ಎದುರಿಗೆ ನಿಂತು ಅವರ ಕೈಸನ್ನೆ ಓದಿದರೆ ತಪ್ಪೇನಿಲ್ಲ. ಮೊದಲೇ ಹೋಗಿ ಗ್ಯಾಲರಿಯಲ್ಲಿ ಕೂತು ನೋಡಿ ಬರುವುದು ಮಾತ್ರ 1994ರಿಂದ ನಿಷಿದ್ಧ. ನನಗೇನೂ ಗೊತ್ತಿಲ್ಲ ಅಂದರು ಹಾರ್ಬಾ. ಈ ತಂಡಗಳೆಲ್ಲ ಆಡುವ ಬಿಗ್ ಟೆನ್ ಲೀಗಿನವರು ನವೆಂಬರ್ 10ಕ್ಕೆ, ಪೆನ್ ಸ್ಟೇಟ್ ಪಂದ್ಯದ ಹಿಂದಿನ ದಿನ, ಉಳಿದ ಮೂರೂ ಲೀಗ್ ಪಂದ್ಯಕ್ಕೆ ಅವರನ್ನು ಮೈದಾನದಿಂದ ಹೊರಗೆ ಹಾಕಿದರು. ವಾರವೆಲ್ಲ ಅಭ್ಯಾಸ ಮಾಡಿಸಬಹುದು, ಪಂದ್ಯದ ದಿನ ಮಾತ್ರ ಬರುವ ಹಾಗಿಲ್ಲ. ನನಗೆ ಕೇಳಿದರೆ ಶಿಕ್ಷೆಯ ಈ ಅರೆಬರೆ ರೂಪವೇ ವಿಚಿತ್ರ. ಹೆಡ್‌ಮಾಸ್ಟರನ್ನ ಪರೀಕ್ಷೆ ದಿನ ಮಾತ್ರ ಸಸ್ಪೆಂಡ್ ಮಾಡಿದ ಹಾಗೆ.

ಅವರ ಜಾಗದಲ್ಲಿ ನಿಂತದ್ದು ಷೆರೋನ್ ಮೂರ್. ಈ ಲೈನ್ ಇದೆಯಲ್ಲ, ನಾನು ತಿಂದ ಐದು ಕಡಲೆಬೀಜ, ಅದರ ಕೋಚ್ ಇವರೇ. ಪೆನ್ ಸ್ಟೇಟ್ ವಿರುದ್ಧ ಚೆಂಡು ಎಸೆಯುವುದನ್ನೇ ಬಿಟ್ಟು ಸತತ 32 ಸಲ ಓಡಿಸಿದರು. ಎದುರಿನವರಿಗೆ ಗೊತ್ತು ಓಡ್ತಾರೆ ಅಂತ, ಗ್ಯಾಲರಿಗೆ ಗೊತ್ತು, ಆದರೂ ತಡೆಯಲಿಕ್ಕೆ ಆಗಲಿಲ್ಲ. 24-15. ಗೆದ್ದಮೇಲೆ ಟಿವಿ ಮೈಕಿನ ಮುಂದೆ ಮೂರ್ ಅಳುತ್ತಾ ನಿಂತಿದ್ದರು. ಮಗಳು ಆ ವಿಡಿಯೋ ತೋರಿಸಿದಳು. ಅಷ್ಟು ದೊಡ್ಡ ಆಳು, ಮಾತೇ ಹೊರಡುತ್ತಿಲ್ಲ. ಮುಂದಿನ ವಾರ ಮೇರಿಲ್ಯಾಂಡ್ ವಿರುದ್ಧ 31-24, ಅದು ಮಿಷಿಗನ್‌ನ 1000ನೇ ಗೆಲುವು. ಕಾಲೇಜು ಫುಟ್‌ಬಾಲಿನಲ್ಲಿ ಬೇರೆ ಯಾರೂ ಆ ಸಂಖ್ಯೆ ಮೊದಲು ಮುಟ್ಟಿರಲಿಲ್ಲ.

ಮಧ್ಯಾಹ್ನ ಕ್ಯಾಂಪಸ್ ಸುತ್ತಿದೆವು. ನಡುವಿನ ಅಂಗಳದಲ್ಲಿ ನೆಲಕ್ಕೆ ಕೂರಿಸಿದ ಒಂದು ಹಿತ್ತಾಳೆ ಎಂ ಅಕ್ಷರ ಇದೆ. ಮೊದಲ ಪರೀಕ್ಷೆಗೆ ಮುಂಚೆ ಅದನ್ನ ತುಳಿದರೆ ಫೇಲ್ ಅಂತ ನಂಬಿಕೆ. ನಾನು ಧೈರ್ಯವಾಗಿ ತುಳಿದೆ. ಮಗಳು ಎರಡನೇ ವರ್ಷದಲ್ಲಿದ್ದರೂ ಸುತ್ತು ಹಾಕಿಕೊಂಡು ಬಂದಳು.

ಗುರುವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಊರು ಬಾಗಿಲು ಹಾಕಿಕೊಂಡು ಮಲಗಿತ್ತು. ಕ್ಯಾಂಟನ್‌ನಲ್ಲಿ ಹಾಸನದ ಕಡೆಯ ಒಂದು ಕುಟುಂಬ ಊಟಕ್ಕೆ ಕರೆದಿತ್ತು. ಇಲ್ಲಿಯ ಪಂಪ ಕನ್ನಡ ಕೂಟದಲ್ಲಿ ಮಗಳಿಗೆ ಪರಿಚಯವಾದವರು. ಬಿಸಿಬೇಳೆ ಬಾತ್, ಮೇಲೆ ಖಾರಾಬೂಂದಿ, ಹೋಳಿಗೆ. ಟಿವಿಯಲ್ಲಿ ಡೆಟ್ರಾಯ್ಟ್ ಲಯನ್ಸ್ ಅನ್ನೋ ವೃತ್ತಿಪರ ತಂಡದ ಪಂದ್ಯ, ಪ್ರತಿ ವರ್ಷ ಈ ದಿನ ಅವರದ್ದೊಂದು ಪಂದ್ಯ ಇದ್ದೇ ಇರುತ್ತದೆ. ಗ್ರೀನ್ ಬೇ ವಿರುದ್ಧ 29-22ಕ್ಕೆ ಸೋತರು. ಮನೆಯವರು ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. "ಇದು ಬಿಡಿ ಸಾರ್, ಶನಿವಾರದ್ದು ಹೇಳಿ" ಅಂದರು.

ಅವರಿಂದಲೇ ಟೊಲೆಡೊ ಜಗಳದ ಕಥೆ ಕೇಳಿದ್ದು. 1835ರಲ್ಲಿ ಟೊಲೆಡೊ ಊರು ಇರುವ ಒಂದು ಪಟ್ಟಿ ಜಾಗಕ್ಕೆ ಮಿಷಿಗನ್ನೂ ಓಹಾಯೋನೂ ಬಂದೂಕು ಹಿಡಿದು ನಿಂತಿದ್ದರಂತೆ. ಸತ್ತವರು ಯಾರೂ ಇಲ್ಲ, ಹೆಚ್ಚಾಗಿ ಕೂಗಾಟ. ಕೊನೆಗೆ ದಿಲ್ಲಿಯವರು, ಅಂದರೆ ವಾಷಿಂಗ್ಟನ್‌ನವರು, ಟೊಲೆಡೊವನ್ನು ಓಹಾಯೋಗೆ ಕೊಟ್ಟು, ಮಿಷಿಗನ್‌ಗೆ ಸಮಾಧಾನಕ್ಕೆ ಸರೋವರದ ಆಚೆಯ ಉತ್ತರದ ಕಾಡು ಕೊಟ್ಟರು. ಆ ಕಾಡಿನಲ್ಲಿ ಆಮೇಲೆ ತಾಮ್ರ, ಕಬ್ಬಿಣ ಸಿಕ್ಕಿತು, ಆ ಮಾತು ಬೇರೆ. ಮಿಷಿಗನ್ ರಾಜ್ಯ ಆಗಿದ್ದು 1837ರ ಜನವರಿ 26ಕ್ಕೆ. ಗಡಿ ತಗಾದೆ ಅಂದರೆ ನಮಗೆ ಬಿಡಿಸಿ ಹೇಳಬೇಕಾ, ಊಟದ ಮೇಜಿನಲ್ಲಿದ್ದ ಎಲ್ಲರೂ ಒಟ್ಟಿಗೆ ಬೆಳಗಾವಿ ಅಂದೆವು. ಎರಡು ಕಾಲೇಜಿನ ಮೊದಲ ಪಂದ್ಯ ನಡೆದಿದ್ದು 1897ರಲ್ಲಿ. ಈಗಲೂ ಈ ವಾರ ಓಹಾಯೋ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಎಂ ಅಕ್ಷರ ಇದ್ದಲ್ಲೆಲ್ಲ ಕೆಂಪು ಟೇಪಿನಲ್ಲಿ ಅಡ್ಡಗೀಟು ಹಾಕುತ್ತಾರೆ.

ಶುಕ್ರವಾರ

ಹೇಳುವಂಥದ್ದು ಕಡಿಮೆ. ಓಹಾಯೋ ನಂಬರ್ ಪ್ಲೇಟಿನ ಕಾರುಗಳು ಬರಲು ಶುರುವಾದವು. ನಾನೊಂದು ನೀಲಿ ಟೋಪಿ ಕೊಂಡೆ. ಟಿಕೆಟ್ ಎಷ್ಟಾಯಿತು ಅಂತ ಮಗಳನ್ನು ಕೇಳಿದೆ, ಹೇಳಿದಳು, ಇಲ್ಲಿ ಬರೆಯುವುದಿಲ್ಲ, ಹೆಂಡತಿ ಓದುತ್ತಾಳೆ.

ಶನಿವಾರ, ನವೆಂಬರ್ 25

ಪಂದ್ಯ ಮಧ್ಯಾಹ್ನ 12ಕ್ಕೆ. ಎಂಟೂವರೆಗೇ ಮನೆ ಬಿಟ್ಟೆವು. ದಾರಿಯ ಪ್ರತಿ ಮನೆಯವರೂ ಮುಂದಿನ ಹುಲ್ಲಿನ ಮೇಲೆ ಕಾರು ನಿಲ್ಲಿಸಿಕೊಂಡು ದುಡ್ಡು ಎಣಿಸುತ್ತಿದ್ದಾರೆ. ಸ್ಟೇಡಿಯಂ ಎದುರಿನ ಗಾಲ್ಫ್ ಮೈದಾನ ಪೂರ್ತಿ ಕಾರು, ಪ್ರತಿ ಕಾರಿನ ಡಿಕ್ಕಿ ತೆರೆದು ಒಂದೊಂದು ಅಡುಗೆಮನೆ. ಇದಕ್ಕೆ ಟೇಲ್‌ಗೇಟ್ ಅಂತಾರೆ. ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು ಮರದ ಕೆಳಗೆ ಒಲೆ ಹೂಡುತ್ತಿದ್ದರಲ್ಲ, ಅದೇ. ಪರಿಚಯ ಇಲ್ಲದ ಒಬ್ಬ ಹೆಂಗಸು ನನ್ನ ಗಿಡ್ಡ ತೋಳಿನ ಜಾಕೆಟ್ ನೋಡಿ ಪಾಪ ಅನ್ನಿಸಿತೋ ಏನೋ, ಬಿಸಿ ಸೇಬಿನ ರಸ ಕೊಟ್ಟಳು. ಎಲ್ಲರೂ ಎಲ್ಲರಿಗೂ "ಗೋ ಬ್ಲೂ" ಅನ್ನುತ್ತಾರೆ, ನಮಸ್ಕಾರ, ಊಟ ಆಯ್ತಾ, ಬರ್ತೀನಿ ಎಲ್ಲಕ್ಕೂ ಅದೊಂದೇ.

ಗೇಟಿನಲ್ಲಿ ನನ್ನದೊಂದು ಎಡವಟ್ಟು. ಬ್ಯಾಗ್ ತರುವ ಹಾಗಿಲ್ಲ ಅಂತ ಮಗಳು ಎರಡು ಸಲ ಹೇಳಿದ್ದಳು. ಬಟ್ಟೆ ಚೀಲ ಬ್ಯಾಗ್ ಹೇಗಾಗುತ್ತೆ ಅಂತ ಚಕ್ಕುಲಿ, ಫ್ಲಾಸ್ಕ್ ಹಾಕಿಕೊಂಡು ಬಂದಿದ್ದೆ. ಆಗುತ್ತದಂತೆ. ಸೇಬಿನ ರಸ ಕೊಟ್ಟ ಹೆಂಗಸಿನ ಕಾರು ಹುಡುಕಿಕೊಂಡು ಹೋಗಿ ಚೀಲ ಅವಳಿಗೇ ಕೊಟ್ಟು ಬಂದೆ. ಚಕ್ಕುಲಿ ಹೇಗಿತ್ತು ಅಂತ ಕೇಳಲಿಕ್ಕೆ ಆಗಲಿಲ್ಲ ಅನ್ನೋದು ಈಗಲೂ ಒಂದು ಕೊರಗು.

1927ರಲ್ಲಿ ಕಟ್ಟಿದ ಈ ಸ್ಟೇಡಿಯಂನ ಬಹುಪಾಲು ನೆಲದೊಳಗಿದೆ. ರಸ್ತೆಯ ಮಟ್ಟದಲ್ಲಿ ಒಳಗೆ ಕಾಲಿಟ್ಟರೆ ನಿಂತಿರುವುದು ಮೇಲಿನ ಸಾಲುಗಳಲ್ಲಿ, ಕಾಲ ಕೆಳಗೆ ದೊಡ್ಡ ಕಲ್ಯಾಣಿಯ ಮೆಟ್ಟಿಲು ಹಾಗೆ ಇಳಿಯುತ್ತಾ ಇಳಿಯುತ್ತಾ ತಳದಲ್ಲಿ ಹಸಿರು. ಕುರ್ಚಿ ಇಲ್ಲ, ಉದ್ದನೆ ಬೆಂಚು, ಅದರ ಮೇಲೆ ನಂಬರು. ನಂಬರು ಬರೆದವನು ಬೇಸಿಗೆಯಲ್ಲಿ ಬರೆದಿರಬೇಕು. ಎಲ್ಲರೂ ಚಳಿಗೆ ನಾಲ್ಕು ನಾಲ್ಕು ಪದರ ಹಾಕಿದ್ದರಿಂದ ಸಾಲಿನವರೆಲ್ಲ ಒಟ್ಟಿಗೆ ಕೂರಲು ಸಾಧ್ಯವೇ ಇಲ್ಲ, ಯಾರಾದರೂ ನಿಂತರೆ ಪಕ್ಕದವನು ಕೂರಬಹುದು. ಆ ದಿನ ಬಂದಿದ್ದವರು 1,10,615. 1975ರ ನವೆಂಬರಿನಿಂದ ಇಲ್ಲಿ ಪ್ರತಿ ಪಂದ್ಯಕ್ಕೂ ಲಕ್ಷದ ಮೇಲೇ ಜನ, ಕೋವಿಡ್ ವರ್ಷ ಬಿಟ್ಟು.

ನನ್ನ ಎಡಗಡೆ ಒಬ್ಬ ಅಜ್ಜ. ಕೈಗವಸು ತೆಗೆದು ಕೈ ಕುಲುಕಿದಾಗ ನೋಡಿದೆ, ಎರಡು ಬೆರಳು ಗಂಟಿನಲ್ಲಿ ಸೊಟ್ಟ, ಒಂದು ಅತ್ತ ಒಂದು ಇತ್ತ. ಹೈಸ್ಕೂಲಿನಲ್ಲಿ ಗಾರ್ಡ್ ಆಡುತ್ತಿದ್ದರಂತೆ, ಅಂದರೆ ಲೈನಿನವರು. ನಾನು ಹೊಸಬ ಅಂತ ಗೊತ್ತಾದ ಮೇಲೆ ಒಂದೇ ಮಾತು ಹೇಳಿದರು. "ಚೆಂಡು ನೋಡಬೇಡ, ಸಾಲು ನೋಡು. ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಸಾಲೇ ಹೇಳುತ್ತೆ. 65 ನಂಬರ್ ನೋಡು, ಸಾಕು."

65 ಅಂದರೆ ಜ್ಯಾಕ್ ಜಿಂಟರ್. ಬಲಗಡೆಯ ಗಾರ್ಡ್, ತಂಡದ ನಾಯಕರಲ್ಲಿ ಒಬ್ಬ, ಆರೂವರೆ ಅಡಿ, 140 ಕೆಜಿಗೂ ಮೇಲೆ. ನಾನು ಅವನನ್ನೇ ನೋಡುತ್ತಾ ಹೋದೆ. ಮೊದಮೊದಲು ಬರೀ ಗುದ್ದಾಟ ಕಂಡಿತು. ಆಮೇಲೆ ನಿಧಾನಕ್ಕೆ ಕಣ್ಣು ಹೊಂದಿಕೊಂಡಿತು. ಒಮ್ಮೆ ನೇರ ತಳ್ಳುತ್ತಾನೆ, ಒಮ್ಮೆ ಪಕ್ಕದವನ ಜೊತೆ ಸೇರಿ ಒಬ್ಬನನ್ನೇ ಒತ್ತಿ, ಅವನು ವಾಲಿದ ಕೂಡಲೇ ಬಿಟ್ಟು ಹಿಂದಿನವನಿಗೆ ಹೆಗಲು ಕೊಡುತ್ತಾನೆ. ಬಾಗಿಲು ಒಂದು ಕ್ಷಣ ತೆರೆಯುತ್ತದೆ, ಅದರಲ್ಲಿ ಓಟಗಾರ ನುಗ್ಗುತ್ತಾನೆ. ಟಿವಿಯಲ್ಲಿ ಕಾಣುವುದು ಆ ಓಟಗಾರ ಮಾತ್ರ.

ಶುರುವಿನಲ್ಲೇ ಮಿಷಿಗನ್‌ನ ವಿಲ್ ಜಾನ್ಸನ್ ಓಹಾಯೋದ ಒಂದು ಎಸೆತ ಹಿಡಿದುಬಿಟ್ಟ. ಗೆರೆ ಹತ್ತಿರ ಬಂದು ಮೂರು ಸಲ ಆಗಲಿಲ್ಲ, ನಾಲ್ಕನೆಯದು, ಕೊನೆಯದು. ಒದ್ದು ಮೂರು ಪಾಯಿಂಟ್ ತೆಗೆದುಕೊಳ್ಳಬಹುದಿತ್ತು. ಮೂರ್ ಒದೆಸಲಿಲ್ಲ, ತಮ್ಮ ಸಾಲನ್ನೇ ನಂಬಿದರು, ಬ್ಲೇಕ್ ಕೋರಮ್ ತೂರಿಕೊಂಡು ಹೋದ. ಅಜ್ಜ ಸೊಟ್ಟ ಬೆರಳಲ್ಲೇ ನನ್ನ ಹೆಗಲಿಗೆ ಗುದ್ದಿದರು. ಆಮೇಲೆ ಹಾವು ಏಣಿ. ಅರ್ಧ ಆಟಕ್ಕೆ 14-10, ಮೂರನೇ ಕ್ವಾರ್ಟರಿನಲ್ಲಿ 17-17.

ಆ ಕ್ವಾರ್ಟರಿನ ಕೊನೆ ಕಡೆ ಮಿಷಿಗನ್ ಒಂದು ಎಸೆತ ಎಸೆಯಿತು. ಚೆಂಡು ಯಾರ ಕೈ ಸೇರಿತು ಅಂತ ನಾನು ನೋಡಲಿಲ್ಲ. ಎಲ್ಲರೂ ಆ ಕಡೆ ಕುಣಿಯುತ್ತಿದ್ದರೆ ನಾನೂ ಅಜ್ಜನೂ ಮಾತ್ರ ಈ ಕಡೆ ನೋಡುತ್ತಿದ್ದೆವು. 65 ನೆಲದ ಮೇಲಿದ್ದ. ಕಾಲು ಇರಬೇಕಾದ ರೀತಿಯಲ್ಲಿ ಇರಲಿಲ್ಲ. ಅಜ್ಜ "ಇಲ್ಲ, ಇಲ್ಲ, ಇಲ್ಲ" ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಕುಣಿಯುವ ಸದ್ದು ಒಂದೊಂದೇ ಸಾಲಾಗಿ ಇಳಿಯಿತು, ಲಕ್ಷದ ಮೇಲೆ ಹತ್ತು ಸಾವಿರ ಜನರ ನಡುವೆ ಯಾರೋ ಕೆಮ್ಮಿದ್ದು ನನಗೆ ಕೇಳಿಸಿತು. ಮಗಳು ನನ್ನ ಜಾಕೆಟ್ಟಿನ ಗಿಡ್ಡ ತೋಳು ಹಿಡಿದುಕೊಂಡಿದ್ದಳು, ಚಿಕ್ಕವಳಿದ್ದಾಗ ಇಂಜೆಕ್ಷನ್ನಿಗೆ ಹೋದಾಗ ಹಿಡಿಯುತ್ತಿದ್ದ ಹಾಗೆ. ತಂಡದವರೆಲ್ಲ ಬೆಂಚು ಬಿಟ್ಟು ಬಂದು ಅವನ ಸುತ್ತ ನಿಂತರು. ಗಾಡಿಯಲ್ಲಿ ಕರೆದೊಯ್ಯುವಾಗ ಇಡೀ ಗ್ಯಾಲರಿ ಅವನ ಹೆಸರು ಕೂಗಿತು. ಮೊಣಕಾಲ ಕೆಳಗಿನ ಎಲುಬು ಎರಡೂ ಮುರಿದಿದ್ದವು ಅಂತ ಆಮೇಲೆ ತಿಳಿಯಿತು.

ಕಾರ್ಸನ್ ಬಾರ್ನ್‌ಹಾರ್ಟ್ ಪಕ್ಕದ ಜಾಗದಿಂದ 65ರ ಜಾಗಕ್ಕೆ ಸರಿದ, ಅವನ ಜಾಗಕ್ಕೆ ಟ್ರೆಂಟ್ ಜೋನ್ಸ್ ಬೆಂಚಿನಿಂದ ಬಂದ. ಮುಂದಿನ ಆಟ, ಅದೇ ಮೊದಲ ಆಟ, ಕೋರಮ್‌ಗೆ ಚೆಂಡು, 22 ಗಜ, ಗೆರೆ ದಾಟಿ ಹೋದ. ದಾಟಿದವನು ಕೈ ಬೆರಳಲ್ಲಿ ಆರು, ಐದು ತೋರಿಸಿದ. ಆಮೇಲೆ ಎದ್ದ ಸದ್ದನ್ನು ನನಗೆ ಬರೆಯಲಿಕ್ಕೆ ಬರುವುದಿಲ್ಲ. ಕಾಲ ಕೆಳಗಿನ ಸಿಮೆಂಟ್ ಅದುರಿತು ಅನ್ನುತ್ತೇನೆ, ಅಷ್ಟೇ.

ಉಳಿದದ್ದು ಬೇಗ ಹೇಳುತ್ತೇನೆ. 27-17 ಆಯಿತು, ಓಹಾಯೋದ ಮಾರ್ವಿನ್ ಹ್ಯಾರಿಸನ್ 27-24 ಮಾಡಿದ, ಮಿಷಿಗನ್ ಏಳು ನಿಮಿಷದಷ್ಟು ಚೆಂಡು ಬಿಡದೆ ತಳ್ಳಿಕೊಂಡು ಹೋಗಿ 30-24 ಮಾಡಿತು. ಉಳಿದಿದ್ದು ಒಂದು ನಿಮಿಷ ಚಿಲ್ಲರೆ. ಓಹಾಯೋದವರು ಓಡೋಡಿ ಬರುತ್ತಿದ್ದರು. 25 ಸೆಕೆಂಡ್ ಇರುವಾಗ ಮಿಷಿಗನ್‌ನ ಆಟಗಾರ ರಾಡ್ ಮೂರ್ ಅವರ ಎಸೆತ ಹಿಡಿದ, ಮುಗಿಯಿತು. ಮೂರು ವರ್ಷದಲ್ಲಿ ಮೂರನೇ ಗೆಲುವು. ಜನ ಗೋಡೆ ಹಾರಿ ಮೈದಾನಕ್ಕೆ ಇಳಿದರು. ಮಗಳೂ ಹೋದಳು. ನಾನು ಅಜ್ಜನ ಜೊತೆ ಕೂತೆ. ಈಗ ಕೂರಲು ಜಾಗ ಧಾರಾಳವಾಗಿತ್ತು. ಎರಡು ತಿಂಗಳು ಇವರೆಲ್ಲ ಬೈದು ಹೊಗಳಿ ಮಾತಾಡಿದ ಆ ಹಾರ್ಬಾ ಇಲ್ಲೇ ಊರಲ್ಲಿ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದರಂತೆ.

ಭಾನುವಾರ

ರಸ್ತೆ ತುಂಬ ಪೇಪರ್ ಲೋಟ. ರಾತ್ರಿ ಜಿಂಟರ್‌ಗೆ ಆಪರೇಷನ್ ಆಯಿತು, ಚೆನ್ನಾಗಿದ್ದಾನೆ ಅಂತ ಸುದ್ದಿ. ಮಗಳಿಗೆ ದನಿ ಹೋಗಿತ್ತು. ಏರ್‌ಪೋರ್ಟಿನಲ್ಲಿ ಕೈಯಲ್ಲೇ ಟಾಟಾ ಮಾಡಿದಳು.

ಊರಿಗೆ ಬಂದಮೇಲೆ

ಪ್ರವಾಸ ಮುಗಿದರೂ ಸೀಸನ್ ಮುಗಿದಿರಲಿಲ್ಲ. ಅಯೋವಾ ವಿರುದ್ಧ ಲೀಗ್ ಫೈನಲ್ 26-0, ಆ ಹೊತ್ತಿಗೆ ಹಾರ್ಬಾ ವಾಪಸ್. ರೋಸ್ ಬೌಲ್, ಅಂದರೆ ರಾಷ್ಟ್ರೀಯ ಸೆಮಿಫೈನಲ್, ನಮ್ಮ ಗಡಿಯಾರದಲ್ಲಿ ಜನವರಿ 2ರ ಬೆಳಗಿನ ಜಾವ ಮೂರೂವರೆಗೆ. ಅಲಬಾಮಾ ವಿರುದ್ಧ ಹೆಚ್ಚುವರಿ ಆಟಕ್ಕೆ ಹೋಗಿ 27-20. ನಾನು ಕಿರುಚಿದ್ದಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. 9ರ ಬೆಳಿಗ್ಗೆ ಆರಕ್ಕೆ ಹೂಸ್ಟನ್‌ನಲ್ಲಿ ಫೈನಲ್, ವಾಷಿಂಗ್ಟನ್ ಯೂನಿವರ್ಸಿಟಿ ವಿರುದ್ಧ. ಆ ವರ್ಷ ದೇಶದ ಅತ್ಯುತ್ತಮ ಲೈನ್ ಅಂತ ಪ್ರಶಸ್ತಿ ಸಿಕ್ಕಿದ್ದು ವಾಷಿಂಗ್ಟನ್ನಿನವರಿಗೆ, ಅದಕ್ಕೆ ಹಿಂದಿನ ಎರಡು ವರ್ಷ ಮಿಷಿಗನ್‌ಗೆ. 65 ಇಲ್ಲದ ಸಾಲು ಆ ದಿನ 303 ಗಜ ಓಡಿಸಿತು. 34-13. ಆಡಿದ 15ರಲ್ಲಿ 15. ಹಿಂದೆ ಚಾಂಪಿಯನ್ ಆಗಿದ್ದು 1997ರಲ್ಲಿ, ಅದನ್ನೂ ನೆಬ್ರಾಸ್ಕಾದ ಜೊತೆ ಹಂಚಿಕೊಂಡು. ಜನವರಿ ಮುಗಿಯುವ ಮೊದಲೇ ಹಾರ್ಬಾ ಲಾಸ್ ಏಂಜಲೀಸ್‌ನ ಚಾರ್ಜರ್ಸ್ ತಂಡಕ್ಕೆ ಹೊರಟುಹೋದರು, ಅವರ ಕುರ್ಚಿಗೆ ಮೂರ್ ಬಂದರು.

ಏಪ್ರಿಲ್ 27ರ ಬೆಳಿಗ್ಗೆ, ಹಿಂದಿನ ದಿನ ಓಟು ಹಾಕಿದ ಶಾಯಿ ಇನ್ನೂ ಬೆರಳಲ್ಲಿತ್ತು, ಕಾಫಿ ಕುಡಿಯುತ್ತಾ ಮೊಬೈಲ್ ನೋಡುತ್ತಿದ್ದೆ. ಅಮೆರಿಕದ ದೊಡ್ಡ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತಿತ್ತು. ಹೆಂಡತಿ ಇಡ್ಲಿ ತಟ್ಟೆ ಇಟ್ಟು ಕೇಳಿದಳು, "ರೀ, ಆ ಕಾಲು ಮುರ್ಕೊಂಡ ಹುಡುಗ ಏನಾದ?"

"ಮೂರನೇ ಸುತ್ತಿನಲ್ಲಿ ತಗೊಂಡರು ಕಣೇ. 85ನೆಯವನು. ಕೆಲಸ ಸಿಕ್ತು."

"ಎಲ್ಲಿ?"

"ಕ್ಲೀವ್‌ಲ್ಯಾಂಡ್. ಓಹಾಯೋದಲ್ಲಿ."

ಒಂದು ಕ್ಷಣ ಯೋಚಿಸಿದಳು. "ಹಾಗಾದ್ರೆ ಆ ಕೆಂಪು ಸ್ವೆಟರ್ ಅವನಿಗಾದ್ರೂ ಕಳಿಸಿ, ನೀವಂತೂ ಹಾಕಲಿಲ್ಲ."

ಅವನ ಒಂದು ತೋಳಿಗೂ ಸಾಲುವುದಿಲ್ಲ ಅಂತ ಎಷ್ಟು ಹೇಳಿದರೂ ನಂಬಲಿಲ್ಲ.